ಅಮರಗೋಳದಲ್ಲಿ ಇಲ್ಲದ ಆಫೀಸು

2008ರಲ್ಲಿ, ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನದ ಸಂಜೆ, ನಾನು ಹಳೇ ಹುಬ್ಬಳ್ಳಿಯ ಒಂದು ಲೆಕ್ಕಪತ್ರ ಕಚೇರಿಯೊಳಗೆ, ಝೆರಾಕ್ಸ್ ಯಂತ್ರದ ಪಕ್ಕ ನಿಂತಿದ್ದೆ. ಆ ಕಚೇರಿಯ ಬಗ್ಗೆ ಇಂಟರ್‌ನೆಟ್‌ಗೆ ಲೇಖನ ಬರೆಯುವುದು ಆಗ ನನ್ನ ಕೆಲಸ. ಜನ ಇಂಟರ್‌ನೆಟ್‌ನಲ್ಲಿ ಹುಡುಕುವ ಪದಗಳು ಲೇಖನದಲ್ಲಿ ಇರಬೇಕು, ಒಪ್ಪುತ್ತೇನೆ. ಆದರೆ ನಾನು ಬರೆದದ್ದರೊಳಗೆ ಮಾಲೀಕರು ‘ಅಮರಗೋಳದ ಲೆಕ್ಕಪತ್ರ ಕಚೇರಿ’, ‘ತಾರಿಹಾಳದ ಲೆಕ್ಕಪತ್ರ ಕಚೇರಿ’ ಎಂದು ಸಾಲುಸಾಲಿಗೆ ತುರುಕಿಸಿದ್ದರು. ಊರಾಚೆಯ ಆ ಜಾಗಗಳಲ್ಲಿ ನಮ್ಮ ಕಚೇರಿಯೇ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳಿರಲಿಲ್ಲ.

ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕಾಗದಪತ್ರಗಳ ಚೀಲ ಹಿಡಿದು, ಬೆವರುತ್ತ ಒಳಗೆ ಬಂದರು.

"ಅಮರಗೋಳದಾಗ ನಿಮ್ಮ ಆಫೀಸ್ ಎಲ್ಲೈತ್ರಿ? ಮಗಳು ಕಂಪ್ಯೂಟರಿನ್ಯಾಗ ಓದಿ ಹೇಳಿದ್ಲು. ಮಧ್ಯಾಹ್ನದಿಂದ ಅಲ್ಲಿನ ಇಡೀ ಮಾರ್ಕೆಟ್ ಸುತ್ತಿ, ಕೇಳ್ಕೋತ ಇಲ್ಲಿಗೆ ಬಂದೇನಿ."

"ಹಂಗ ಹಾಕಿದ್ರ ಮಂದಿ ಬರ್ತಾರ್ರಿ, ಸಾವ್ಕಾರ್ರ," ಎಂದು ಮಾಲೀಕರು ನಕ್ಕರು.

"ನಾ ಅಲ್ಲಿಗೆ ಬಂದಿದ್ದೆನಲ್ರಿ! ಎಲ್ಲಿ ಕೂಡಬೇಕಿತ್ತು, ಮೆಣಸಿನಕಾಯಿ ಚೀಲದ ಮ್ಯಾಲ?"

ಅಷ್ಟರಲ್ಲಿ ತೆರಿಗೆ ಕಚೇರಿಯ ಕೌಂಟರ್ ಮುಚ್ಚಿತ್ತು. ಅವರ ರಿಟರ್ನ್ ಆ ದಿನ ಸಲ್ಲಿಕೆಯಾಗಲಿಲ್ಲ. ಅವರು ಚೀಲ ಎತ್ತಿಕೊಂಡು ಹೊರಟುಹೋದರು. ನಾನು ಮಾಲೀಕರ ಎದುರೇ ಕಂಪ್ಯೂಟರ್ ಮುಂದೆ ಕೂತು ಆ ಊರುಗಳ ಹೆಸರನ್ನೆಲ್ಲ ಅಳಿಸಿ ಹಾಕಿದೆ. ಇದನ್ನೆಲ್ಲ ಕಂಡವರು ಇನ್ನೊಬ್ಬರಿದ್ದಾರೆ, ನಮ್ಮ ಟೈಪಿಸ್ಟ್ ಅಕ್ಕ. ಈಗಲೂ ಆ ಕಚೇರಿಯ ಓಣಿಯಲ್ಲೇ ಇದ್ದಾರೆ, ನಂಬದಿದ್ದರೆ ಅವರನ್ನೇ ಕೇಳಿ.