ಎರಡೂ ಕೈ ಮೇಲೆ, ಗಾಡಿ ಮುಂದೆ

೧೯೪೮ರ ಸೆಪ್ಟೆಂಬರ್ ೨೧, ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ನಾರಾಯಣಪೇಟೆಯ ನಮ್ಮ ಮನೆಯ ಒಳಕೋಣೆಯಿಂದ ಸೂಲಗಿತ್ತಿ ಈರಮ್ಮಜ್ಜಿ ಕೈ ಕೂಡ ತೊಳೆಯದೆ ಪಡಸಾಲೆಗೆ ಬಂದಳು.

"ಕೂಸು ಅಡ್ಡ ಐತಿ. ಇದು ನನ್ನ ಕೈಲೆ ಆಗೂದಲ್ಲ. ಮಕ್ತಲಿನ ನರ್ಸಮ್ಮನ್ನ ಕರಕೊಂಡು ಬರ್ರಿ. ತಡಾ ಮಾಡಿದ್ರ ಇಬ್ಬರೂ ದಕ್ಕೂದಿಲ್ಲ" ಎಂದಳು.

ಒಳಗಿದ್ದವಳು ನನ್ನ ಅಕ್ಕ ಗಿರಿಜಾ. ಚೊಚ್ಚಲ ಹೆರಿಗೆಗೆಂದು ಗದ್ವಾಲದಿಂದ ತವರಿಗೆ ಬಂದಿದ್ದಳು. ಹಿಂದಿನ ಸಂಜೆ ಶುರುವಾದ ನೋವು ಇನ್ನೂ ನಿಂತಿರಲಿಲ್ಲ. ನಮ್ಮೂರ ದವಾಖಾನೆಯ ಡಾಕ್ಟರು ಹೈದರಾಬಾದಿಗೆ ಹೋದವರು ಗಲಾಟೆಯಲ್ಲಿ ಅಲ್ಲಿಯೇ ಸಿಕ್ಕಿಕೊಂಡಿದ್ದರು. ಬಸ್ಸುಗಳು ನಿಂತು ವಾರದ ಮೇಲಾಗಿತ್ತು. ಎತ್ತಿನ ಗಾಡಿ ಕಟ್ಟಿದರೆ ಮಕ್ತಲಿಗೆ ಹೋಗಿ ಬರುವುದರಲ್ಲಿ ದಿನ ಮುಳುಗುತ್ತಿತ್ತು.

ಮನೆಯಲ್ಲಿ ಇದ್ದದ್ದು ಭಾವನ ಫಟ್‌ಫಟಿ ಒಂದೇ. ಗದ್ವಾಲದ ಸೀರೆ ವ್ಯಾಪಾರಿಯಾದ ಭಾವ ಆ ಮೋಟಾರ್ ಸೈಕಲನ್ನು ಸಿಕಂದರಾಬಾದಿನಲ್ಲಿ ಊರು ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡಿದ್ದರು. ಕೃಷ್ಣಾ ತುಂಬಿ ಹರಿಯುತ್ತಿದ್ದುದರಿಂದ ಗಾಡಿಯನ್ನು ನಮ್ಮಲ್ಲಿ ಬಿಟ್ಟು, ತಾವು ಹರಿಗೋಲಿನಲ್ಲಿ ಹೊಳೆ ದಾಟಿ ಊರಿಗೆ ಹೋಗಿದ್ದರು. ನನಗಾಗ ಹತ್ತೊಂಬತ್ತು. ಗಾಡಿ ಹೊಡೆಯಲು ಕಲಿಸಿದವರು ಅವರೇ.

ಆ ಗಾಡಿಯಲ್ಲಿ ಒಂದು ವಿಶೇಷವಿತ್ತು. ಬಲಗೈಯ ಹಿಡಿಕೆಯನ್ನು ತಿರುವಿದಷ್ಟು ವೇಗ ಏರುತ್ತದೆ, ಕೈ ಬಿಟ್ಟರೆ ಹಿಡಿಕೆ ತಾನೇ ಹಿಂದಕ್ಕೆ ತಿರುಗಿ ವೇಗ ಇಳಿಯುತ್ತದೆ. ದೂರ ಹೋಗುವಾಗ ಅದನ್ನು ತಿರುವಿ ಹಿಡಿದು ಹಿಡಿದು ಮಣಿಕಟ್ಟು ಜೋಮು ಹಿಡಿಯುತ್ತಿತ್ತು. ಅದಕ್ಕೆ ಭಾವ ಹಿಡಿಕೆಯ ಕೆಳಗೆ ಹಿತ್ತಾಳೆಯ ಒಂದು ತಿರುಪು ಹಾಕಿಸಿದ್ದರು. ಅದನ್ನು ಬಿಗಿದರೆ ಹಿಡಿಕೆ ತಿರುವಿದಲ್ಲೇ ನಿಲ್ಲುತ್ತಿತ್ತು. ಕೈ ಬಿಟ್ಟರೂ ಗಾಡಿ ಒಂದೇ ವೇಗದಲ್ಲಿ ಓಡುತ್ತಿತ್ತು. "ಬಲಗೈಲೆ ಶೇಂಗಾ ತಿನ್ಕೋತ ಕರ್ನೂಲಿಗೆ ಹೋಗೀನಿ" ಎಂದು ಭಾವ ಜಂಬ ಕೊಚ್ಚುತ್ತಿದ್ದರು. ಊರೊಳಗೆ ಮಾತ್ರ ಬಿಗಿಯಬೇಡ ಎಂದಿದ್ದರು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ನಿಜಾಮರ ಸರ್ಕಾರ ಶರಣಾಗಿ ನಾಲ್ಕು ದಿನವಾಗಿತ್ತು. ದಾರಿಗಳಲ್ಲಿ ಭಾರತದ ಫೌಜು ಓಡಾಡುತ್ತಿತ್ತು. ಫೌಜಿನವರು ಎದುರಾದರೆ ಎರಡೂ ಕೈ ಮೇಲೆತ್ತಬೇಕು, ಅವರು ಹೇಳುವ ತನಕ ಇಳಿಸಕೂಡದು, ಇಳಿಸಿದರೆ ಗುಂಡು ಎಂದು ತಳವಾರ ಓಣಿ ಓಣಿಯಲ್ಲಿ ಡಂಗುರ ಹೊಡೆದಿದ್ದ. ಅಪ್ಪ ನಮ್ಮ ಮಗ್ಗದ ಮನೆಯಲ್ಲಿ ನೇಕಾರರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿ ನೋಡಿದ್ದರು. "ಎರಡೂ ಕೈ ಎತ್ತಿದ್ರ ಲಾಳಿ ಯಾರು ಒಗೀಬೇಕ್ರೀ ಸಾವ್ಕಾರ್ರ?" ಎಂದು ಒಬ್ಬ ಕೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಅಪ್ಪ ನಗದೆ, ಇನ್ನೊಮ್ಮೆ ಎತ್ತಿಸಿದ್ದರು. ಅವರ ಜೊತೆ ನಾನೂ ಎತ್ತಿದ್ದೆ.

ನಾನು ಗಾಡಿ ಹತ್ತಿ ಹೊರಟೆ. ಹೋಗುವಾಗ ದಾರಿ ಖಾಲಿಯಿತ್ತು. ಮಕ್ತಲಿನಲ್ಲಿ ನರ್ಸ್ ಸುಂದರಮ್ಮನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೆಲಸದಿಂದ ನಿವೃತ್ತರಾಗಿ ತಮ್ಮನ ಮನೆಯಲ್ಲಿದ್ದರು. ಐವತ್ತು ದಾಟಿದ ದಪ್ಪನೆಯ ಹೆಂಗಸು. ಇಂಥ ದಿನದಲ್ಲಿ ಹೊರಗೆ ಹೋಗುವುದು ಬೇಡವೆಂದು ಆ ತಮ್ಮ ಬಾಗಿಲಿಗೆ ಅಡ್ಡ ನಿಂತ. ನೋವು ಎಷ್ಟು ಹೊತ್ತಿನಿಂದ, ನೀರು ಒಡೆದಿದೆಯೇ, ಕೂಸಿನ ಕೈ ಹೊರಗೆ ಬಂದಿದೆಯೇ ಎಂದು ಸುಂದರಮ್ಮ ನನ್ನನ್ನೇ ಕೇಳುತ್ತ ಔಷಧದ ಪೆಟ್ಟಿಗೆ ತುಂಬಿದರು. ನನಗೆ ತಿಳಿದದ್ದನ್ನು ಹೇಳಿದೆ. ಅವರ ಮುಖ ಬಿಗಿಯಾಯಿತು.

ಫಟ್‌ಫಟಿ ನೋಡಿದಾಗ ಮಾತ್ರ ಒಂದು ಕ್ಷಣ ನಿಂತರು. "ಏಸೋ ಹೆರಿಗಿ ಮಾಡೀನಿ ತಮ್ಮಾ, ಇಂಥ ಕುದುರಿ ಮ್ಯಾಲೆ ಎಂದೂ ಕುಂತಿಲ್ಲ" ಎಂದು, ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತರು. ಒಂದು ಕೈಯಿಂದ ತೊಡೆಯ ಮೇಲಿನ ಪೆಟ್ಟಿಗೆ ಹಿಡಿದರು, ಇನ್ನೊಂದು ಕೈ ನನ್ನ ಭುಜದ ಮೇಲೆ.

ಅದು ಗರಸು ಕಲ್ಲಿನ ದಾರಿ, ಮಳೆಗೆ ಕಿತ್ತು ಹೋಗಿತ್ತು. ತಗ್ಗು ಬಂದಾಗಲೆಲ್ಲ ನನ್ನ ಮಣಿಕಟ್ಟು ಅದುರಿ, ಗಾಡಿ ಒಮ್ಮೆ ಮುಂದಕ್ಕೆ ಜಿಗಿಯುತ್ತಿತ್ತು, ಒಮ್ಮೆ ಹಿಂದೆಗೆಯುತ್ತಿತ್ತು. ಎರಡು ಸಲ ಅವರು ಜಾರಿ ಬೀಳುವುದರಲ್ಲಿದ್ದರು. "ಒಂದ ನಮೂನಿ ಹೊಡಿ ತಮ್ಮಾ. ಹಿಂಗ ಜಗ್ಗಿ ಜಗ್ಗಿ ಬಿಟ್ರ ನಾ ನಿಮ್ಮನಿ ಮುಟ್ಟೂದಿಲ್ಲ" ಎಂದರು. ದಾರಿ ಸ್ವಲ್ಪ ಚೆನ್ನಾದ ಕೂಡಲೆ ನಾನು ತಿರುಪು ಬಿಗಿದೆ. ಗಾಡಿ ಒಂದೇ ಹದದಲ್ಲಿ ಓಡತೊಡಗಿತು. ಭುಜದ ಮೇಲಿನ ಅವರ ಬೆರಳುಗಳು ಸಡಿಲಾದವು. ಅಕ್ಕ ಇನ್ನೂ ಇದ್ದಾಳೆಯೇ ಎಂಬ ಒಂದೇ ಯೋಚನೆಯಲ್ಲಿ ನಾನು ಮುಂದೆ ನೋಡುತ್ತಿದ್ದೆ.

ಬೇವಿನ ಮರಗಳ ತಿರುವು ದಾಟಿದರೆ ದಾರಿ ನೇರವಾಗಿ ಒಂದು ಹಳ್ಳಕ್ಕೆ ಇಳಿಯುತ್ತದೆ. ಮಕ್ತಲಿಗೆ ಹೋಗುವಾಗ ಅಲ್ಲಿ ಯಾರೂ ಇರಲಿಲ್ಲ. ಈಗ ದೂರದಲ್ಲಿ, ಇಳಿಜಾರಿನ ಬುಡದಲ್ಲಿ, ಎರಡು ಎತ್ತಿನ ಗಾಡಿಗಳನ್ನು ದಾರಿಗೆ ಅಡ್ಡ ನಿಲ್ಲಿಸಿದ್ದರು. ಅವುಗಳ ಹಿಂದೆ ಖಾಕಿ ಬಟ್ಟೆಯ ಏಳೆಂಟು ಜನ, ಕೈಯಲ್ಲಿ ಬಂದೂಕು.

"ಹಾಥ್ ಊಪರ್!"

ನಾನು ಎತ್ತಿದೆ ಎನ್ನುವುದಕ್ಕಿಂತ ಕೈಗಳು ತಾವೇ ಎದ್ದವು ಎಂದರೆ ಸರಿ. ಎರಡೂ ಕೈ ತಲೆಯ ಮೇಲೆ. ಗಾಡಿ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ತಿರುಪು ಬಿಗಿದಿತ್ತು. ಅದು ಹಿಂದಿನ ಹದದಲ್ಲೇ, ಇಳಿಜಾರಿನಲ್ಲಿ ಇನ್ನಷ್ಟು ಜೋರಾಗಿ, ನೇರ ಅವರ ಕಡೆಗೆ ಓಡಿತು.

ಅವರಿಗೆ ಕಂಡದ್ದು ಏನೆಂದು ಈಗ ಊಹಿಸಬಲ್ಲೆ. ನಿಲ್ಲು ಎಂದರೂ ನಿಲ್ಲದೆ, ಕೈ ಎತ್ತಿ ಅಣಕಿಸುತ್ತ ಮೇಲೆರಗಿ ಬರುವ ಒಬ್ಬ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಕೈ ಇಳಿಸಿದರೆ ಗುಂಡು, ಇಳಿಸದಿದ್ದರೂ ಗುಂಡು. ಬಂದೂಕುಗಳು ಎದ್ದವು.

"ಕೈ ಇಳಿಸೋ, ಗಾಡಿ ಹಿಡಿಯೋ!" ಎಂದು ಸುಂದರಮ್ಮ ಕಿವಿಯ ಹತ್ತಿರ ಕೂಗಿದರು.

"ಹೊಡೀತಾರ್ರೀ ಅಮ್ಮಾ" ಎಂದೆ.

ಕಾಲಿನ ಬ್ರೇಕು ನೆನಪಾಗಿ ಒತ್ತಿದೆ. ಹಿಂದಿನ ಚಕ್ರ ಹಿಡಿಯಿತು, ಎಂಜಿನ್ ಮುಂದಕ್ಕೆ ನೂಕಿತು, ಗಾಡಿ ಅಡ್ಡಡ್ಡ ಹೊಯ್ದಾಡಿತು. ಸುಂದರಮ್ಮ ಪೆಟ್ಟಿಗೆ ಸಮೇತ ಒಂದು ಪಕ್ಕಕ್ಕೆ ಜಾರಿದರು. ಅವರು ಬಿದ್ದರೆ ಅಕ್ಕನಿಗೆ ಇನ್ನಾರೂ ಇಲ್ಲ. ಕಾಲು ತೆಗೆದೆ.

ಫೌಜಿನವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬ ಮಾತ್ರ ನನ್ನ ಮುಖ ಬಿಟ್ಟು ಗಾಡಿಯ ಹ್ಯಾಂಡಲ್ ನೋಡುತ್ತಿದ್ದ. ಕುಳ್ಳನೆಯ, ನನಗಿಂತ ಹೆಚ್ಚೆಂದರೆ ನಾಲ್ಕೈದು ವರ್ಷ ದೊಡ್ಡವನಾದ ಸಿಪಾಯಿ. ಯಾರೂ ಹಿಡಿಯದ ಹಿಡಿಕೆ ಅವನಿಗೆ ಕಂಡಿತು. ತನ್ನ ಬಂದೂಕನ್ನು ಎತ್ತಿನ ಗಾಡಿಯ ಚಕ್ರಕ್ಕೆ ಆನಿಸಿ, ಅದರ ನೊಗ ದಾಟಿ ದಾರಿಗೆ ಬಂದ. ಮುಷ್ಟಿಯನ್ನು ಮುಂದೆ ಚಾಚಿ ಹಿಡಿಕೆ ತಿರುವಿದಂತೆ ತಿರುವಿ ತೋರಿಸಿದ. ನನಗೆ ಅರ್ಥವಾದರೂ ಕೈ ಇಳಿಯಲಿಲ್ಲ. ಅವನ ಹಿಂದೆ ಅಷ್ಟೂ ಬಂದೂಕುಗಳು ನನ್ನ ಮೇಲಿದ್ದವು.

ಆಗ ಅವನು ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಓಡಿ ಬರುತ್ತಿದ್ದ ಗಾಡಿಗೆ ಬೆನ್ನು ಕೊಟ್ಟು, ತನ್ನವರ ಕಡೆಗೆ ತಿರುಗಿ, ಎರಡೂ ತೋಳು ಅಗಲಿಸಿ ನಿಂತುಬಿಟ್ಟ.

ನನಗೂ ಬಂದೂಕುಗಳಿಗೂ ನಡುವೆ ಈಗ ಅವನ ಬೆನ್ನು. ಕೈ ಇಳಿಸಿದೆ. ಗಾಬರಿಯಲ್ಲಿ ತಿರುಪನ್ನು ಬಿಗಿಯುವ ಕಡೆಗೇ ತಿರುವಿದೆ. ಎಡಗೈಯಿಂದ ಕ್ಲಚ್ ಎಳೆದಾಗ ಎಂಜಿನ್ ಹುಚ್ಚು ಹಿಡಿದಂತೆ ಅರಚಿತು. ಯಾರೋ ಕೂಗಿದರು, ಅವನು ತೋಳು ಇಳಿಸಲಿಲ್ಲ. ತಿರುಪನ್ನು ಇನ್ನೊಂದು ಕಡೆಗೆ ತಿರುವಿದೆ. ಹಿಡಿಕೆ ಸರ್ರನೆ ಹಿಂದಕ್ಕೆ ಬಂತು. ಎರಡೂ ಬ್ರೇಕು ಒತ್ತಿದೆ. ಮುಂದಿನ ಚಕ್ರ ಅವನ ಬೂಟಿನ ಹಿಮ್ಮಡಿಗೆ ತಾಗಿ ನಿಂತಿತು. ಎಂಜಿನ್ ಆರಿದ ಮೇಲೆಯೇ ಅವನು ತಿರುಗಿದ್ದು.

"ಹಾಥ್ ಊಪರ್ ಕರ್‌ಕೇ ಫಟ್‌ಫಟೀ ಕೌನ್ ಚಲಾತಾ ಹೈ, ಭಾಯಿ?" ಎಂದ. ಕೈ ಮೇಲೆತ್ತಿಕೊಂಡು ಗಾಡಿ ಯಾರು ಓಡಿಸುತ್ತಾರೆ ಎಂದು. ಅವನ ತುಟಿಯೂ ಒಣಗಿತ್ತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಅವರ ಮೇಲಿನ ಸಾಹೇಬರು ಗಾಡಿಯ ಕಾಗದ ಕೇಳಿದರು. ಕಾಗದ ಭಾವನ ಬಳಿ, ಹೊಳೆಯಾಚೆ ಗದ್ವಾಲದಲ್ಲಿ. ಗಾಡಿಯನ್ನು ಜಪ್ತಿ ಮಾಡುತ್ತೇವೆ, ನೀವು ನಡೆದು ಹೋಗಿ ಎಂದರು. ನಾರಾಯಣಪೇಟೆ ಇನ್ನೂ ಅರ್ಧ ದಾರಿ ಇತ್ತು. ಸುಂದರಮ್ಮ ಕೆಳಗಿಳಿದು, ಸೆರಗು ಸರಿಮಾಡಿಕೊಂಡು, ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮುಚ್ಚಳ ತೆಗೆದರು. ನೌಕರಿಯಲ್ಲಿ ಕಲಿತ ಉರ್ದುವಿನಲ್ಲಿ ಅವರು ಹೇಳಿದ್ದು ನಮ್ಮ ಮಾತಿನಲ್ಲಿ ಹೀಗೆ: "ಸಾಬ್, ಅಲ್ಲಿ ಒಬ್ಬಾಕಿ ಸಾಯಾಕತ್ಯಾಳ. ಗಾಡಿ ಬೇಕಂದ್ರ ಇಟ್ಟಗೋರಿ. ನನ್ನ ಹೊತ್ಕೊಂಡು ಓಡಾಕ ನಾಕು ಮಂದಿನ ಕೊಡ್ರಿ. ನಾ ಹಗರ ಇಲ್ಲ, ಈಗ ಹೇಳ್ತೀನಿ."

ಒಬ್ಬಿಬ್ಬರು ನಗು ತಡೆದುಕೊಂಡರು. ಸಾಹೇಬರು ನಗಲಿಲ್ಲ. ಆ ಕುಳ್ಳ ಸಿಪಾಯಿ ಅವರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಆಮೇಲೆ ಬಂದು ಹಿಡಿಕೆ ತಿರುವಿ ನೋಡಿ, ಹಿತ್ತಾಳೆಯ ತಿರುಪನ್ನು ಪೂರ್ತಿ ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡ. ಅವನು ಹಿಂದಿಯಲ್ಲಿ ಹೇಳಿದ ಮಾತು ಇಷ್ಟು: ದಾರಿ ಉದ್ದವಿದ್ದರೆ ಇದು ಒಳ್ಳೆಯದೇ. ಈಗಿನ ದಿನಗಳಲ್ಲಿ ಯಾವ ದಾರಿಯೂ ಉದ್ದವಿಲ್ಲ. ಕೈ ಹಿಡಿಕೆಯ ಮೇಲೆಯೇ ಇರಲಿ.

ಸಾಹೇಬರು ಕೈ ಬೀಸಿದರು. ಅಡ್ಡವಿದ್ದ ಗಾಡಿಗಳಲ್ಲಿ ಒಂದನ್ನು ಪಕ್ಕಕ್ಕೆ ತಳ್ಳಿದರು.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ, ಇನ್ನೂ ಏನೂ ಕೆಟ್ಟದ್ದು ಆಗಿಲ್ಲವೆಂದು ತಿಳಿಯಿತು. ಸುಂದರಮ್ಮ ಬಿಸಿನೀರು ಕೇಳುತ್ತ ಒಳಗೆ ಹೋದರು, ಬಾಗಿಲು ಮುಚ್ಚಿತು. ಅಕ್ಕನ ಕೂಗು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಆ ಹೊತ್ತು ಹಳ್ಳದ ಹತ್ತಿರ ಬಂದೂಕುಗಳ ಎದುರು ಕಳೆದ ಹೊತ್ತಿಗಿಂತ ದೊಡ್ಡದಾಗಿತ್ತು. ಅಪ್ಪ ಗೋಡೆಗೆ ಹಣೆ ಆನಿಸಿ ನಿಂತಿದ್ದರು. ಬಿಸಿಲು ಅಂಗಳದ ಆಚೆ ಹೊರಳಿದಾಗ ಒಳಗಿನಿಂದ ಕೂಸು ಅತ್ತದ್ದು ಕೇಳಿಸಿತು. ಆಮೇಲೆ ಬಹಳ ಮೆಲ್ಲಗೆ, ನೀರು ಕೇಳುವ ಅಕ್ಕನ ದನಿ.

ಹೆಣ್ಣು ಕೂಸು. ಕಾಲು ಹಿಡಿದು ತಿರುಗಿಸಿ ತೆಗೆದರಂತೆ. ಇನ್ನೊಂದು ತಾಸು ತಡವಾಗಿದ್ದರೆ ತಾವು ಬಂದು ಪ್ರಯೋಜನವಿರಲಿಲ್ಲ ಎಂದು ಸುಂದರಮ್ಮ ಅಪ್ಪನಿಗೆ ಹೇಳಿದರು. ಹಳ್ಳದ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಕ್ಕನಿಗೆ ಅದು ಗೊತ್ತಾದದ್ದು ಬಾಣಂತನ ಮುಗಿದ ಮೇಲೆ. ಕೇಳಿ, ಕೂಸನ್ನು ಎದೆಗೆ ಒತ್ತಿಕೊಂಡು, "ಆ ಹುಡುಗನ ಹೆಸರೇನು?" ಎಂದು ಕೇಳಿದಳು. ಅವನ ಹೆಸರು ಕೇಳುವುದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಸುಂದರಮ್ಮನವರನ್ನು ಮಕ್ತಲಿಗೆ ಬಿಡಲು ಅದೇ ದಾರಿಯಲ್ಲಿ ಹೋದೆ. ಹಳ್ಳದ ಬಳಿ ಯಾರೂ ಇರಲಿಲ್ಲ. ಫೌಜು ರಾಯಚೂರಿನ ಕಡೆ ಹೋಯಿತೆಂದು ಒಬ್ಬರು, ಮಹಬೂಬನಗರಕ್ಕೆ ಹೋಯಿತೆಂದು ಇನ್ನೊಬ್ಬರು ಹೇಳಿದರು. ಈಗ ಐದು ವರ್ಷವಾಯಿತು. ಕೃಷ್ಣಾ ಸ್ಟೇಷನ್ನಿನಲ್ಲಿ, ರಾಯಚೂರಿನಲ್ಲಿ ಖಾಕಿ ಬಟ್ಟೆಯ ಕುಳ್ಳನೆಯವರನ್ನು ಕಂಡಾಗಲೆಲ್ಲ ಹಿಂದೆ ಹೋಗಿ ಬೆನ್ನು ನೋಡುತ್ತೇನೆ. ಮುಖ ಅಷ್ಟಾಗಿ ನೆನಪಿಲ್ಲ. ಬೆವರಿನಿಂದ ನೆನೆದು ಅಂಗಿ ಅಂಟಿಕೊಂಡಿದ್ದ ಆ ಬೆನ್ನು ಮಾತ್ರ ಕಣ್ಣಿಗೆ ಕಟ್ಟಿದೆ.

ಆ ವಾರ ಮಕ್ತಲ್–ನಾರಾಯಣಪೇಟೆ ದಾರಿಯಲ್ಲಿ ಕಾವಲಿದ್ದ ದಳದವರು ಯಾರೆಂದು ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ, ಅಥವಾ ಫೌಜಿನಲ್ಲಿದ್ದ ನಿಮ್ಮ ಮನೆಯವರು ಎಂದಾದರೂ ಎರಡೂ ಕೈ ಎತ್ತಿ ಫಟ್‌ಫಟಿ ಓಡಿಸಿಕೊಂಡು ಬಂದ ಹುಡುಗನ ಕತೆ ಹೇಳಿ ನಕ್ಕಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಅಂದು ಹುಟ್ಟಿದವಳು ಬರುವ ವರ್ಷ ಶಾಲೆಗೆ ಹೋಗುತ್ತಾಳೆಂದು ಆ ಸಿಪಾಯಿಗೆ ತಿಳಿಸಬೇಕು. ಮತ್ತೆ ಒಂದು ಮಾತು ಕೇಳಬೇಕು. ಹಿಂದಿನಿಂದ ಗಾಡಿ ಬರುತ್ತಿತ್ತು, ನಾನು ನಿಲ್ಲಿಸಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು?