ನಜಮಾ ಒಪ್ಪದ ಗಡುವು

ನಜಮಾಳನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಹೊಸ್ತಿಲಲ್ಲೇ. ಇಳಕಲ್ಲಿನ ಆ ತುದಿಯಿಂದ ಬಿಸಿಲಲ್ಲಿ ನಡೆದು ಬಂದಿದ್ದಳು. ನಾನು ರಾಟೆಯ ಮುಂದೆ ಕುಳಿತು ಮಗ್ಗಕ್ಕೆ ಬೇಕಾದ ರೇಷ್ಮೆಯ ಕಂಡಿಕೆ ಸುತ್ತುತ್ತಿದ್ದೆ.

"ರೇಣವ್ವ ಅಂದ್ರ ನೀವೇನ್ರಿ? ನಾ ಅಬ್ದುಲಸಾಬರ ಮನಿಯಾಕಿ. ಅವರ ಕಡಿಂದ ನಿಮಗ ಏನರ ಬರೂದು ಐತೇನ್ರಿ?"

ರಾಟೆ ನಿಲ್ಲಿಸಿದೆ. ಅಬ್ದುಲಸಾಬರಿಗೆ ನಾಲ್ಕು ಮಗ್ಗಗಳಿದ್ದವು. ಓಣಿಯ ಹೆಂಗಸರು ಸುತ್ತಿಕೊಟ್ಟ ಕಂಡಿಕೆಯ ಕೂಲಿಯನ್ನು ಹಬ್ಬದ ಮುಂದೆ ಒಟ್ಟಿಗೆ ಕೊಡುತ್ತಿದ್ದರು. ಆ ಸಲ ಹಬ್ಬಕ್ಕೆ ಮೊದಲೇ ತೀರಿಕೊಂಡರು.

"ಬರೂದು ಐತಿ. ಆದ್ರ ಮುದ್ದತ್ತು ಮುಗೀತು ಅಂದಾರಲ್ಲ ನಿಮ್ಮ ಮೈದುನ."

ನಡೆದದ್ದು ಹೀಗೆ. ಅವರಲ್ಲಿ ಮಣ್ಣು ಕೊಡುವ ಮುಂಚೆ ಮನೆಯವರೊಬ್ಬರು ನಿಂತು, ತೀರಿಕೊಂಡವರಿಂದ ಯಾರಿಗಾದರೂ ಬರುವುದಿದ್ದರೆ ನಮ್ಮನ್ನು ಕೇಳಿ ಎಂದು ಸಾರುತ್ತಾರೆ. ಅಬ್ದುಲಸಾಬರ ತಮ್ಮ ಬಾಬುಸಾಬರೂ ಹಾಗೇ ಸಾರಿದರು. ನಲವತ್ತು ದಿನದೊಳಗೆ ಎಂಬ ಮಾತನ್ನು ತಾವೇ ಸೇರಿಸಿದರು. ಅಲ್ಲಿ ನಿಂತಿದ್ದವರೆಲ್ಲ ಗಂಡಸರು. ನೂಲಿನ ವ್ಯಾಪಾರಿ, ಬಣ್ಣ ಹಾಕುವವನು ಬಂದು ತಮ್ಮದನ್ನು ಒಯ್ದರು. ನಮಗೆ ಆ ಮಾತು ತಿಳಿದದ್ದು ಗಡುವು ಕಳೆದ ಮೇಲೆ. ಕೇಳಲು ಹೋದವರನ್ನು ಬಾಬುಸಾಬರು ಅಂಗಳದಿಂದಲೇ ತಿರುಗಿಸಿದರು. ಕೆಟ್ಟ ಮನುಷ್ಯರಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯದಿದ್ದರೆ ಆಸ್ತಿಯ ಪಾಲು ಮುಗಿಯುವುದಿಲ್ಲ ಎಂಬುದು ಅವರ ವಿಚಾರ. ಅಬ್ದುಲಸಾಬರಿಗೆ ಮಕ್ಕಳಿರಲಿಲ್ಲ, ಪಾಲು ಹೆಂಡತಿಗೆ ಮತ್ತು ತಮ್ಮನಿಗೆ.

ಆಗ ನಜಮಾ ಒಳಗೆ ಇದ್ದತ್ ಹಿಡಿದು ಕುಳಿತಿದ್ದಳು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಬರುವಂತಿಲ್ಲ.

"ಪರದೆ ಹಿಂದ ಕುಂತು ಎಲ್ಲಾರ ದನಿ ಕೇಳೇನ್ರಿ," ಎಂದಳು. "ಆಗ ನಾ ಕೂಗಿದ್ರ, ದುಃಖದಾಗ ಏನೋ ಅಂತಾಳ ಅಂತಿದ್ರು. ಈಗ ಒಂದೊಂದ ದನಿ ಹುಡುಕ್ಕೋತ ಹೊಂಟೇನಿ. ನಿಮ್ದು ಸಿಕ್ತು. ನೀವು ಭಾಳ ಮೆತ್ತಗ ಕೇಳಿದ್ರಿ. ನಿಮ್ಮ ಓಣಿ ಅಂಬವ್ವನಂಗ ಒದರಬೇಕಿತ್ತು!"

"ಒದರಿದ ಅಂಬವ್ವಗರ ಎಲ್ಲಿ ಸಿಕ್ತು?" ಎಂದೆ. ಇಬ್ಬರೂ ನಕ್ಕೆವು.

ಆ ವಾರವೇ ಹುನಗುಂದದ ವಕೀಲರ ಹತ್ತಿರ ಹೋದೆವು. ಬಾಬುಸಾಬರೂ ಬಂದರು. ವಕೀಲರು ಎಲ್ಲ ಕೇಳಿಕೊಂಡು ಹೇಳಿದರು: "ನಲವತ್ತು ದಿನ ಅಂತ ಕಾನೂನಿನಾಗ ಇಲ್ರಿ. ಕೂಲಿ ಬಾಕಿಗೆ, ಕೊಡಬೇಕಾದ ದಿನದಿಂದ ಮೂರು ವರ್ಷ. ಹಂಗಂತ ನಿಮ್ಮ ಕಿಸೇದಿಂದ ಕೊಡಬೇಕಿಲ್ಲ. ಅವರು ಬಿಟ್ಟು ಹೋದದ್ರಾಗ ಕೊಡ್ರಿ."

"ಅದನ್ನ ಪಾಲು ಹಚ್ಚೇವಲ್ರಿ," ಎಂದರು ಬಾಬುಸಾಬ.

"ಬಿಚ್ಚೂಣು," ಎಂದಳು ನಜಮಾ. "ಎಳಿ ತಪ್ಪಿದ್ರ ಬಿಚ್ಚಂಗಿಲ್ಲೇನು?"

"ಭಾಬಿ, ನಿನ್ನ ಪಾಲಿನ ಮಗ್ಗಾನೂ ಹೋಗತೈತಿ ನೋಡು."

"ಎರಡರಾಗ ಒಂದು ಹೋಗಲಿ. ಉಳದದ್ರ ಮ್ಯಾಲೆ ನಾನ ಕುಂದರತೇನಿ."

ಅಂಬವ್ವನದು ಮಾತ್ರ ಹಿಂದೊಂದು ಹಬ್ಬಕ್ಕೆ ಕೊಡದೆ ಉಳಿದಿದ್ದ ಹಳೆಯ ಬಾಕಿ, ಮೂರು ವರ್ಷ ದಾಟಿತ್ತು. ಕೋರ್ಟಿಗೆ ಹೋದರೆ ನಿಲ್ಲುವುದಿಲ್ಲ ಎಂದರು ವಕೀಲರು.

"ಆಕಿ ಕೋರ್ಟಿಗೆ ಹೋಗೂದು ಬ್ಯಾಡ, ನಮ್ಮನಿಗೆ ಬರಲಿ," ಎಂದು ನಜಮಾ ಎದ್ದಳು. ಅದನ್ನು ತನ್ನ ಪಾಲಿನಿಂದಲೇ ಕೊಟ್ಟಳು.

ಬಸ್ಸಿನಲ್ಲಿ ಬಾಬುಸಾಬ, "ನಮ್ಮಣ್ಣ ಮಗ್ಗ ನಡಸಿದ, ನೀ ಕಚೇರಿ ನಡಸ್ತಿ," ಎಂದು ಕಾಲೆಳೆದರು. ಆದರೂ ಉಳಿದ ಹೆಂಗಸರ ಮನೆಗಳಿಗೆ ಆಕೆಯೊಂದಿಗೆ ಅವರೂ ಬಂದರು. ಒಂದು ಮಗ್ಗ ಮಾರಿದರು. ಯಾರ ಕೂಲಿಯೂ ಉಳಿಯಲಿಲ್ಲ.

ಆಮೇಲೆ ತನ್ನ ಪಾಲಿಗೆ ಉಳಿದ ಒಂದೇ ಮಗ್ಗದಲ್ಲಿ ನಜಮಾ ತಾನೇ ಕುಳಿತು ಸೀರೆ ನೇಯ್ದಳು. ಕಂಡಿಕೆ ನಾನೇ ಸುತ್ತಿದೆ. ಕೂಲಿಯನ್ನು ಹಬ್ಬದವರೆಗೆ ಇಟ್ಟುಕೊಳ್ಳಲಿಲ್ಲ, ಸಂತೆಯ ದಿನವೇ ಕೈಗೆ. "ಹಬ್ಬಕ್ಕ ಯಾರು ಇರತೇವೋ ಏನೋ," ಎನ್ನುತ್ತಿದ್ದಳು. ನಾನು ಅಕ್ಕನಾದೆ, ಅವಳು ತಂಗಿ.

ಹೋದ ವರ್ಷ ಬಾಗಲಕೋಟೆಯ ದವಾಖಾನೆಯಲ್ಲಿ ಅವಳ ಮಂಚದ ಪಕ್ಕ ಕುಳಿತಿದ್ದೆ. ಮಾತು ಸಣ್ಣದಾಗಿತ್ತು, ಸ್ಪಷ್ಟವಾಗಿತ್ತು. ನನ್ನ ಕೈ ಹಿಡಿದುಕೊಂಡು ಕೇಳಿದಳು:

"ನಾ ಹೋದಾಗ ಬಾಬು ಖಬರಸ್ತಾನದಾಗ ನಿಂತು, ಬರೂದಿದ್ರ ಕೇಳ್ರಿ ಅಂತ ಗಂಡಸರಿಗೆ ಹೇಳ್ತಾನ. ಓಣ್ಯಾಗ ಒಂದೊಂದ ಬಾಗಲಕ್ಕ ಹೋಗಿ ಹೆಂಗಸರಿಗೆ ನೀ ಹೇಳ್ತಿಯೇನು, ರೇಣಕ್ಕ?"