ತನುಜಾ ಕೇಳಿಸಿಕೊಂಡ ಕೇರಿ

ಸಾಗರದ ಮಾರ್ಕೆಟ್ ಹಿಂದಿನ ಕೇರಿಗೆ ಬಂದ ಹೊಸತರಲ್ಲಿ ತನುಜಾ ಮಹಡಿಯ ಮೇಲೆ ಕೂತೇ ಊರು ನೋಡಿದಳು. ನೋಡಿದೆ ಎನ್ನುವುದು ಅವಳದೇ ಮಾತು. ಎಳವೆಯಲ್ಲಿ ಬಂದ ಜ್ವರ ಅವಳ ಕಣ್ಣು ಕೊಂಡೊಯ್ದಿತ್ತು. ಬೆಳಕು ಯಾವ ದಿಕ್ಕಿಗಿದೆ ಎಂಬುದಷ್ಟೇ ಅವಳ ಪಾಲಿಗೆ ಉಳಿದಿತ್ತು. ಹಾಗಿದ್ದರೂ ಹುಟ್ಟಿದೂರು ಹುಂಚದಲ್ಲಿ ಅವಳು ಒಬ್ಬಳೇ ತಿರುಗದ ಜಾಗವಿರಲಿಲ್ಲ. ಬಸ್ಸು ನಿಲ್ಲುವ ಕಟ್ಟೆ, ಮಠದೆದುರಿನ ಚಪ್ಪಡಿಗಲ್ಲು, ಗದ್ದೆಯ ಬದು, ಎಲ್ಲವೂ ಅವಳ ಪಾದಕ್ಕೆ ಗೊತ್ತಿದ್ದವು. ಅಮ್ಮ ಹುಲಿಯಮ್ಮ ತೀರಿಕೊಂಡ ಮೇಲೆ, ಸಾಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಮ್ಮ ದುರ್ಗೇಶ್ ಅವಳನ್ನು ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದ. ನಲವತ್ತರ ಹತ್ತಿರದ ಹೆಂಗಸು ಹೊಸ ಊರಿನಲ್ಲಿ ಮತ್ತೆ ಮಗುವಾದಳು.

"ಅಕ್ಕ, ಒಬ್ಳೇ ಕೆಳಗಿಳೀಬೇಡ. ಇದು ಹುಂಚ ಅಲ್ಲ," ಎಂದು ಹೇಳಿಯೇ ಅವನು ದಿನಾ ಡಿಪೋಗೆ ಹೋಗುತ್ತಿದ್ದ. ಅವನ ಹೆಂಡತಿ ಶ್ಯಾಮಲಾ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಡುತ್ತಿದ್ದಳು. ಮನೆಯಲ್ಲಿ ತನುಜಾ, ಕೆಳಗೆ ಕೇರಿ.

ಕೇರಿ ಬೆಳಗಾಗುತ್ತಲೇ ತುಂಬಿಕೊಳ್ಳುತ್ತಿತ್ತು. ಮೊದಲು ಕಾಫಿಬೀಜ ಹುರಿಯುವ ವಾಸನೆ, ಆಮೇಲೆ ಹೂವಿನವರ ಕೂಗು, ಆಟೊಗಳ ಗೊರಗೊರ. ಎಡಗಡೆ ಎಲ್ಲಿಂದಲೋ ಮರಕುಟಿಗದಂಥ ಟಕಟಕ ಸದ್ದು. ಊಟದ ಹೊತ್ತು ಕಳೆದು ಗಲಾಟೆ ಸ್ವಲ್ಪ ಇಳಿದಾಗ ಮಾತ್ರ ಇನ್ನೊಂದು ಸದ್ದು ಕೇಳಿಸುತ್ತಿತ್ತು. ನೀರು. ಕಲ್ಲಿನ ಮೇಲಿಂದ ಕೆಳಗೆ ಸುರಿಯುವ, ಒಂದಿಷ್ಟು ಹೊತ್ತು ನಿಂತು ಮತ್ತೆ ಸುರಿಯುವ ನೀರು. ಅದನ್ನು ಕೇಳುತ್ತ ಕೂತಲ್ಲೇ ಜೊಂಪು ಹತ್ತುತ್ತಿತ್ತು. ಜೊಂಪಿನಲ್ಲಿ ಅವಳು ಆ ಹಳ್ಳಕ್ಕೆ ಇಳಿಯುತ್ತಿದ್ದಳು. ನೀರು ಮೊಣಕಾಲು ಮುಟ್ಟುತ್ತಿತ್ತು, ದಡದಲ್ಲಿ ಅಮ್ಮ ಬಟ್ಟೆ ಒಗೆಯುತ್ತಿದ್ದಳು, ಹೂವಿನವರು ಬುಟ್ಟಿ ಹೊತ್ತು ನೀರಲ್ಲೇ ನಡೆದು ಹೋಗುತ್ತಿದ್ದರು.

"ಇಲ್ಲೆಲ್ಲಾದ್ರೂ ಹಳ್ಳ ಉಂಟಾ ಶ್ಯಾಮಲಾ?" ಎಂದು ಒಂದು ಸಂಜೆ ಕೇಳಿದಳು.

"ನಂಗೆಂತ ಗೊತ್ತಕ್ಕ? ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ," ಎಂದಳು ಶ್ಯಾಮಲಾ.

ಮರುದಿನ ಮಧ್ಯಾಹ್ನ ನೀರಿನ ಸದ್ದು ಶುರುವಾಗುತ್ತಲೇ ತನುಜಾ ಕೋಲು ಹಿಡಿದು ಮೆಟ್ಟಿಲಿಳಿದಳು. ಬಿಸಿಲು ಹಣೆಗೆ ತಾಗಿತು. ಗೋಡೆ ಸವರುತ್ತ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಕಟಕ ಸದ್ದು ಹತ್ತಿರವಾಯಿತು, ಅದರ ಜೊತೆಗೆ ಗಂಧದ ಪರಿಮಳವೂ.

"ಯಾರಮ್ಮ ಅದು? ಎದುರಿಗೆ ಚರಂಡಿ ಉಂಟು, ಬಲಕ್ಕೆ ಬನ್ನಿ," ಎಂಬ ದನಿ ಬಂತು. ಅಲ್ಲಿ ಮರದ ಕೆತ್ತನೆ ಮಾಡುವ ಮಂಜುನಾಥಪ್ಪ ಜಗಲಿಯ ಮೇಲೆ ಕೂತಿದ್ದರು. ಮರಕುಟಿಗ ಅವರ ಉಳಿಯೇ ಆಗಿತ್ತು. ಅವಳ ಕಣ್ಣನ್ನು ಗಮನಿಸಿ, ಅವರು ಏನೂ ಕೇಳದೆ, ಅರ್ಧ ಕೆತ್ತಿದ ನವಿಲೊಂದನ್ನು ಅವಳ ಅಂಗೈಯಲ್ಲಿಟ್ಟರು. ಕತ್ತು ನುಣುಪಾಗಿತ್ತು, ಗರಿಗಳಿನ್ನೂ ಮರದೊಳಗೇ ಇದ್ದವು.

"ಹಳ್ಳ ಎಲ್ಲಿ ಬರ್ತದೆ ಇಲ್ಲಿ?"

"ಮಾರ್ಕೆಟ್‌ನಲ್ಲಿ ಎಂತ ಹಳ್ಳ!" ಎಂದು ಅವರು ನಕ್ಕರು.

ಅವಳು ಮುಂದೆ ನಡೆದಳು. ಬೋಂಡಾ ಕರಿಯುವ ಎಣ್ಣೆಯ ಶಾಖ ಒಂದು ಕೆನ್ನೆಗೆ, ಬಟ್ಟೆ ಅಂಗಡಿಯ ಫ್ಯಾನಿನ ಗಾಳಿ ಇನ್ನೊಂದಕ್ಕೆ. ಯಾರದೋ ಸೆರಗು ಕೈಗೆ ತಾಕಿ ಹೋಯಿತು. ಕನಸಿನಲ್ಲಿ ನಡೆದ ಹಾಗೆಯೇ ಇತ್ತು. ಆದರೆ ಇಲ್ಲಿ ಜನ "ಜೋಪಾನ ಅಕ್ಕ" ಎನ್ನುತ್ತಿದ್ದರು. ಅಷ್ಟರಲ್ಲಿ ಒಂದು ಲಾರಿ ಹಾರ್ನ್ ಹೊಡೆದದ್ದೇ ದಿಕ್ಕುಗಳೆಲ್ಲ ಕಲಸಿಹೋದವು. ಕೋಲು ಕೈಜಾರಿ ಬಿತ್ತು. ಯಾವುದೋ ಅಂಗಡಿಯ ಮುಚ್ಚಿದ ಶಟರಿಗೆ ಬೆನ್ನು ಕೊಟ್ಟು ನಿಂತಳು. ತಮ್ಮನ ಮಾತು ಕೇಳಬೇಕಿತ್ತು ಅನ್ನಿಸಿತು.

ಲಾರಿ ಮುಂದೆ ಹೋದ ಮೇಲೆ, ಇನ್ನೇನು ಕೈಗೆ ಸಿಗುವಷ್ಟು ಹತ್ತಿರದಲ್ಲಿ, ನೀರು ಸುರಿಯಿತು.

ಬಗ್ಗಿ ತಡಕಾಡಿ ಕೋಲು ಹುಡುಕಿಕೊಂಡು, ಹೆಬ್ಬಾಗಿಲೊಂದನ್ನು ದಾಟಿ ಒಳಗೆ ಹೋದಳು. ಧೂಳು, ಗೋಣಿ, ಚೊಗರು ವಾಸನೆ. ಅವಳಿಗೆ ಅರ್ಥವಾಯಿತು. ಅದು ಅಡಿಕೆ ಮಂಡಿ. ಹೆಂಗಸರು ಆರಿಸಿದ ಅಡಿಕೆಯನ್ನು ಬುಟ್ಟಿ ತುಂಬಿ ರಾಶಿಗೆ ಸುರಿಯುತ್ತಿದ್ದರು. ಅವಳು ನಿಂತಲ್ಲೇ ನಗತೊಡಗಿದಳು.

"ಎಂತ ನಗಾಡ್ತಿದೀಯೇ ತಂಗಿ?" ಎಂದು ಕೇಳಿದವಳು ಬೆಳ್ಳಮ್ಮ, ಅಲ್ಲಿ ಎಲ್ಲರಿಗಿಂತ ಹಿರಿಯಳು.

"ನಾನು ಹಳ್ಳ ಹುಡ್ಕಂಡು ಬಂದೆ."

ಹೆಂಗಸರೆಲ್ಲ ಗೊಳ್ಳೆಂದರು. ಬೆಳ್ಳಮ್ಮ ಮಾತ್ರ ನಗಲಿಲ್ಲ. ಅವಳನ್ನು ಕೈಹಿಡಿದು ರಾಶಿಯ ಪಕ್ಕ ಕೂರಿಸಿ, ಬೊಗಸೆ ಒಡ್ಡಲು ಹೇಳಿ, ಮೇಲಿಂದ ಒಂದು ಬುಟ್ಟಿ ಅಡಿಕೆ ಸುರಿದಳು. ಅಡಿಕೆ ಬೊಗಸೆ ತುಂಬಿ, ಮಣಿಕಟ್ಟು ದಾಟಿ, ಮಡಿಲಿಗೆ ಇಳಿಯಿತು. ತನುಜಾ ಉಸಿರು ಬಿಗಿಹಿಡಿದಳು. ಇನ್ನೊಂದು ಸಲ, ಎಂದಳು. ಬೆಳ್ಳಮ್ಮ ಇನ್ನೊಂದು ಸಲ ಸುರಿದಳು.

ಆಮೇಲೆ ತನುಜಾ ತಾನೂ ಆರಿಸುತ್ತೇನೆಂದು ಕೂತಳು. ಆದರೆ ಬಣ್ಣ ಕಾಣದೆ ಕೆಂಪಡಿಕೆಗೆ ಕರಿಯದನ್ನೆಲ್ಲ ಬೆರೆಸಿದಳು. "ಸಾಕು ಮಾರಾಯ್ತಿ, ಇದ್ನ ಆರ್ಸಕ್ಕೆ ಇನ್ನೊಬ್ರು ಬೇಕು," ಎಂದು ಬೆಳ್ಳಮ್ಮ ಬುಟ್ಟಿ ಕಿತ್ತುಕೊಂಡಳು. ಮಾತು ಹುಂಚಕ್ಕೆ, ಅಮ್ಮನಿಗೆ, ಯಾರದೋ ಮೊಮ್ಮಗಳ ಹಟಕ್ಕೆ ಹರಿಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಗ್ರೀಸಿನ ವಾಸನೆ ಮೂಗಿಗೆ ಬಡಿದಾಗ ತನುಜಾ ಮಾತು ನಿಲ್ಲಿಸಿದಳು. ದುರ್ಗೇಶ್ ಬಂದು ನಿಂತಿದ್ದ. ಮನೆಗೆ ಬೇಗ ಬಂದವನಿಗೆ ಕಂಡದ್ದು ತೆರೆದ ಬಾಗಿಲು ಮತ್ತು ಚಾರ್ಜಿಗಿಟ್ಟ ಅವಳ ಫೋನು. ಮಂಜುನಾಥಪ್ಪ ದಾರಿ ತೋರಿಸಿದ್ದರು.

ಅವನು ಬೈಯಲಿಲ್ಲ. ಅವಳ ಮುಂಗೈ ಹಿಡಿದು ಹೊರಗೆ ಬಂದ. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಅರ್ಧ ದಾರಿಯಲ್ಲಿ ಅವನ ದನಿ ಒಡೆಯಿತು. "ಚರಂಡಿ ಚರಂಡಿ ಇಣುಕಿ ನೋಡ್ದೆ ಕಣಕ್ಕ."

"ಹೇಳಿ ಹೋಗ್ಬೇಕಿತ್ತು, ತಪ್ಪಾಯ್ತು," ಎಂದಳು ತನುಜಾ. ಆಮೇಲೆ, "ಹುಂಚದಲ್ಲಿ ನಿನ್ನ ಕೈ ಹಿಡ್ದು ಶಾಲೆಗೆ ಬಿಡ್ತಿದ್ದೋರು ಯಾರು ದುರ್ಗೇಶ?" ಎಂದು ಕೇಳಿದಳು.

ಅವನ ಹಿಡಿತ ಸಡಿಲವಾಯಿತು.

ಮುಂದಿನ ರಜೆಯ ದಿನ ಅವನೇ, "ನೀ ಮುಂದೆ ಹೋಗು, ನಾ ಹಿಂದೆ ಬರ್ತೀನಿ," ಎಂದ. ಮಂಡಿಯವರೆಗೂ ಅವಳನ್ನು ಮುಟ್ಟಲಿಲ್ಲ. ಲಾರಿಗಳು ತಿರುಗುವ ಮೂಲೆಯಲ್ಲಿ ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು. ಬೆಳ್ಳಮ್ಮ ಅವಳ ಕೈಗೆ ದಬ್ಬಳ, ಹುರಿ ಕೊಟ್ಟು ತುಂಬಿದ ಗೋಣಿಚೀಲದ ಬಾಯಿ ಹೊಲಿಯುವುದನ್ನು ಕಲಿಸಿದಳು. ತನುಜಾ ಬೆರಳು ಚುಚ್ಚಿಕೊಂಡಳು, ಬಿಚ್ಚಿ ಹೊಲಿದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಹೊಲಿಗೆ ಅವಳ ಕೆಲಸವಾಗಿತ್ತು. ದಾರಿಯಲ್ಲಿ ಜನ ಅವಳ ಹೆಸರು ಹಿಡಿದು ಕರೆಯುತ್ತಿದ್ದರು.

ಒಂದು ಭಾನುವಾರ ಅವಳು ಶ್ಯಾಮಲಾಳನ್ನು ಎಬ್ಬಿಸಿ, "ಚಪ್ಪಲಿ ಹಾಕ್ಕೋ, ಗಣಪತಿ ಕೆರೆಗೆ ಹೋಗೋಣ," ಎಂದಳು.

"ದಾರಿ ಗೊತ್ತಿಲ್ಲಕ್ಕ ನಂಗೆ."

"ಬಾ," ಎಂದಳು ತನುಜಾ. ಬೆಳ್ಳಮ್ಮ ಹೇಳಿಕೊಟ್ಟಿದ್ದ ದಾರಿ ಹಿಡಿದು, ತನುಜಾ ಮುಂದೆ, ಶ್ಯಾಮಲಾ ಹಿಂದೆ, ಇಬ್ಬರೂ ಕೇರಿಯಲ್ಲಿ ಸುತ್ತಿ ಬಳಸಿ ಕೆರೆಗೆ ಬಂದರು. ದಡದಲ್ಲಿ ತಣ್ಣನೆ ಗಾಳಿ ಬೀಸುತ್ತಿತ್ತು. ಶ್ಯಾಮಲಾ ಮೆಟ್ಟಿಲ ಮೇಲೆ ಕೂತು, ನೀರಿನ ಮೇಲೆ ಮಂಜು ಕೂತಿದೆ, ಆಚೆ ದಡ ಕಾಣುವುದೇ ಇಲ್ಲ ಎಂದು ಹೇಳುತ್ತ ಹೋದಳು. ತನುಜಾ ಚಪ್ಪಲಿ ಕಳಚಿಟ್ಟು ಪಾದಗಳನ್ನು ನೀರಿಗೆ ಇಳಿಬಿಟ್ಟಳು.